ವ್ಯಾನ್ ಬೇಡ, ಕಾರಿನ ಡಿಕ್ಕಿ ಸಾಕು: ಮಂಗಳೂರು, ಉಡುಪಿಯಲ್ಲಿ ಕಿಟಕಿ ಗಾಜು ತೊಳೆಯುವ ಕೆಲಸ ಶುರು ಮಾಡುವವರಿಗೆ

ಈ ಕೆಲಸಕ್ಕೆ ಇಳಿಯಬೇಕು ಅಂತ ಇರುವವರೆಲ್ಲ ನನ್ನ ಹತ್ತಿರ ಮೊದಲು ಕೇಳುವುದು ಒಂದೇ ಪ್ರಶ್ನೆ. ಈಕೋ ವ್ಯಾನ್ ತಗೊಳ್ಳಬೇಕಾ, ಇಲ್ಲ ಹಳೇ ಓಮ್ನಿ ಸಾಕಾ? ಎರಡೂ ಬೇಡ. ಮನೆಯಲ್ಲಿ ಒಂದು ಸಣ್ಣ ಕಾರು ಉಂಟಾ? ಅದರಲ್ಲೇ ಶುರು ಮಾಡಿ. ನಾನು ಐದು ವರ್ಷದಿಂದ 2019ರ ಒಂದು ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್ ಇಟ್ಟುಕೊಂಡು ಕದ್ರಿ, ಬಿಜೈ, ಲೇಡಿಹಿಲ್, ಸುರತ್ಕಲ್ ಅಂತ ವಾರಕ್ಕೆ ಐದು ದಿನ, ಉಡುಪಿ ಮಣಿಪಾಲದ ಕಡೆ ಒಂದು ದಿನ ಸುತ್ತುತ್ತಿದ್ದೇನೆ. ವ್ಯಾನ್ ಇಲ್ಲ ಅಂತ ಬಿಟ್ಟ ಕೆಲಸ ಬೆರಳೆಣಿಕೆಯಷ್ಟು.

ವ್ಯಾನ್ ಬೇಕು ಅನ್ನುವ ಯೋಚನೆ ಹೊರದೇಶದ ವಿಡಿಯೋ ನೋಡಿ ಬಂದದ್ದು. ಅಲ್ಲಿ ಅವರು ಉದ್ದದ ಕೋಲಿನ ತುದಿಯ ಬ್ರಷ್‌ಗೆ ಶುದ್ಧ ನೀರು ಹಾಯಿಸಿ ನೆಲದಲ್ಲೇ ನಿಂತು ತೊಳೆಯುತ್ತಾರೆ. ಆ ನೀರಿಗೆ ವ್ಯಾನ್ ಒಳಗೆ ಟ್ಯಾಂಕ್. 350 ಲೀಟರ್ ಟ್ಯಾಂಕ್ ಅಂದರೆ ನೀರೇ 350 ಕೆಜಿ. ಸಣ್ಣ ಕಾರಿನ ಹಿಂದಿನ ಚಕ್ರದ ಮೇಲೆ ಐದು ಜನರನ್ನು ಕೂರಿಸಿದ ಹಾಗೆ. ಅದಕ್ಕೆ ಅವರಿಗೆ ವ್ಯಾನ್ ಬೇಕು. ನಮ್ಮಲ್ಲಿ ಹಾಗಲ್ಲ. ನಮ್ಮ ಕಡೆ ಕಂಪೌಂಡ್ ಒಳಗೆ ಕಾಲಿಟ್ಟರೆ ಬಾವಿ ಉಂಟು, ಅಂಗಳದಲ್ಲಿ ನಲ್ಲಿ ಉಂಟು. ಫ್ಲ್ಯಾಟ್ ಆದರೆ ಬಾತ್‌ರೂಮಿನಲ್ಲಿ ನೀರು ಉಂಟು. ಇನ್ನೊಂದು, ನಮ್ಮ ಕಿಟಕಿಗಳಿಗೆ ಗ್ರಿಲ್, ಸೊಳ್ಳೆ ನೆಟ್, ಸ್ಲೈಡಿಂಗ್. ಮುಕ್ಕಾಲು ಕೆಲಸ ಮನೆಯ ಒಳಗಿನಿಂದಲೇ ಆಗುವುದು. ಹಾಗಾಗಿ ನೀವು ಹೊತ್ತುಕೊಂಡು ಹೋಗಬೇಕಾದದ್ದು ಒಂದು ಬಕೆಟ್‌ನಷ್ಟು ಸಾಮಾನು ಮಾತ್ರ.

ಆದರೆ ಕಾರಿನಲ್ಲಿ ಮಾಡುವುದಕ್ಕೆ ಅದರದ್ದೇ ಒಂದು ಶಿಸ್ತು ಬೇಕು. ವ್ಯಾನ್‌ನಲ್ಲಿ ಒದ್ದೆ ಸಾಮಾನು ಹಿಂದೆ ಎಸೆದು ಬಾಗಿಲು ಹಾಕಿದರೆ ನಡೆಯುತ್ತದೆ. ಕಾರಿನಲ್ಲಿ ಸೀಟು, ಕಾರ್ಪೆಟ್, ಫೋಮ್ ಎಲ್ಲ ನಿಮ್ಮ ಪಕ್ಕದಲ್ಲೇ. ಅದೂ ಕರಾವಳಿಯ ಈ ಹವೆಯಲ್ಲಿ. ಒದ್ದೆ ಒಳಗೆ ಬರದ ಹಾಗೆ ನೋಡಿಕೊಳ್ಳಲು ಕಲಿತರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಕೆಳಗೆ ನಾನು ಹೇಳುವ ಹೆಚ್ಚಿನದ್ದು ಈ ಒಂದು ವಿಷಯದ ಸುತ್ತವೇ ಇರುತ್ತದೆ.

ಮೊದಲು ಕಾರು

ಹ್ಯಾಚ್‌ಬ್ಯಾಕ್ ಇರಲಿ. ಸೆಡಾನ್ ಡಿಕ್ಕಿಯಲ್ಲಿ ಜಾಗ ಉಂಟು, ಆದರೆ ಬಾಯಿ ಸಣ್ಣದು, ಕೋಲು ನುಗ್ಗುವುದಿಲ್ಲ. ವ್ಯಾಗನ್‌ಆರ್‌ನ 2019ರ ನಂತರದ ಮಾಡೆಲ್‌ನಲ್ಲಿ ಡಿಕ್ಕಿ 341 ಲೀಟರ್, ಮೇಲಿನ ವೇರಿಯಂಟ್‌ಗಳಲ್ಲಿ ಹಿಂದಿನ ಸೀಟು 60:40 ಆಗಿ ಮಡಚುತ್ತದೆ. ಈ ಮಡಚುವ ಸೀಟು ಬಹಳ ಮುಖ್ಯ. ಸಣ್ಣ ಭಾಗ ಮಡಚಿದರೆ ಕೋಲು ಡಿಕ್ಕಿಯಿಂದ ಮುಂದಿನ ಸೀಟಿನ ತನಕ ಉದ್ದಕ್ಕೆ ಮಲಗುತ್ತದೆ, ದೊಡ್ಡ ಭಾಗದಲ್ಲಿ ಸಹಾಯಕ್ಕೆ ಬಂದ ಹುಡುಗ ಕೂರಬಹುದು. ಆಲ್ಟೊ ಕೂಡ ಆಗುತ್ತದೆ, ಒಬ್ಬರೇ ಕೆಲಸ ಮಾಡುವುದಾದರೆ.

ಸಿಎನ್‌ಜಿ ಕಾರು ನೋಡುತ್ತಿದ್ದರೆ ಡಿಕ್ಕಿ ತೆರೆದು ನೋಡದೆ ಮಾತು ಕೊಡಬೇಡಿ. ಹೆಚ್ಚಿನ ಕಾರುಗಳಲ್ಲಿ ಸಿಲಿಂಡರ್ ಡಿಕ್ಕಿಯಲ್ಲೇ ಕೂತಿರುತ್ತದೆ, ನಿಮ್ಮ ಬಕೆಟ್‌ಗೆ ಜಾಗ ಇರುವುದಿಲ್ಲ. ಟಾಟಾದವರು ಈಚೆಗೆ ಟಿಯಾಗೊದಲ್ಲಿ ಎರಡು ಸಣ್ಣ ಸಿಲಿಂಡರ್ ಕೆಳಗೆ ಮಲಗಿಸಿ ಮೇಲೆ ಜಾಗ ಉಳಿಸಿದ್ದಾರೆ, ಅಂಥದ್ದಾದರೆ ಸರಿ.

ಮೇಲೆ ಕ್ಯಾರಿಯರ್ ಹಾಕಿ ಏಣಿ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಬೇಡ ಮಾರಾಯ್ರೆ. ಲೋಡು ಗಾಡಿಯ ಮುಂದೆ, ಹಿಂದೆ, ಪಕ್ಕದಲ್ಲಿ ಚಾಚಿಕೊಂಡಿದ್ದರೆ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ ದಂಡ 20,000 ರೂಪಾಯಿ. 2019ರ ತಿದ್ದುಪಡಿಯಲ್ಲಿ ಬಂದ ನಿಯಮ ಇದು. ಒಳಗೆ ಹಿಡಿಯುವಷ್ಟೇ ಉದ್ದದ ಸಾಮಾನು ತಗೊಳ್ಳಿ. ಟೆಲಿಸ್ಕೋಪಿಕ್ ಏಣಿ ಮಡಚಿದರೆ ಮೂರಡಿ ಆಸುಪಾಸು, ಬಿಚ್ಚಿದರೆ ಹತ್ತು ಹನ್ನೆರಡು ಅಡಿ. ಮಡಚಿದಾಗ ಡಿಕ್ಕಿಗೆ ಅಡ್ಡವಾಗಿ ಕೂರುತ್ತದೆ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರುತ್ತದೆ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು ಅದರಲ್ಲಿ ಸೇರುವುದಿಲ್ಲ; ಸ್ವಂತ ಲಗೇಜು, ಸ್ಯಾಂಪಲ್‌ಗೆ ಮಾತ್ರ ವಿನಾಯಿತಿ. ನಿಮ್ಮದು ಸ್ವಂತ ಕೆಲಸದ ಸಾಮಾನು, ನಿಜ. ಆದರೂ ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ. "ಕಿಟಕಿ ಸ್ವಚ್ಛ ಮಾಡುವ ನನ್ನ ಸಾಮಾನು ಇಟ್ಟುಕೊಂಡು ಓಡಾಡುತ್ತೇನೆ, ಕ್ಲೇಮ್‌ಗೆ ತೊಂದರೆ ಉಂಟಾ" ಅಂತ ಕಂಪನಿಗೆ ಈಮೇಲ್ ಹಾಕಿ, ಉತ್ತರ ಪ್ರಿಂಟ್ ಮಾಡಿ ಡ್ಯಾಶ್‌ಬೋರ್ಡಿನಲ್ಲಿ ಇಡಿ.

ಸಾಮಾನು

ಮುಖ್ಯ ಆಯುಧ ಸ್ಕ್ವೀಜಿ. ನಾವು ನೆಲಕ್ಕೆ ಹಾಕುವ ವೈಪರ್ ಬೇರೆ, ಇದು ಬೇರೆ. ತೆಳುವಾದ ಒಂದೇ ರಬ್ಬರ್, ಅದನ್ನು ಹಿಡಿಯುವ ಲೋಹದ ಪಟ್ಟಿ, ಒಂದು ಹಿಡಿ. ಎಟೋರೆ ಸ್ಟೆಕೋನೆ ಅನ್ನುವ ಇಟಲಿ ಮೂಲದವರು ಅಮೆರಿಕದಲ್ಲಿ 1936ರಲ್ಲಿ ಇದರ ಪೇಟೆಂಟ್ ಪಡೆದರು. ಇವತ್ತಿಗೂ ಅದೇ ವಿನ್ಯಾಸ. ಉಂಗರ್, ಎಟೋರೆ ಕಂಪನಿಗಳದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಿಡಿ ಒಂದು ಒಳ್ಳೆಯದು ತಗೊಳ್ಳಿ, ರಬ್ಬರ್ ನಾಲ್ಕು ಜಾಸ್ತಿ ಇಟ್ಟುಕೊಳ್ಳಿ. ರಬ್ಬರ್‌ನ ಅಂಚು ಹರಿತ ಇದ್ದಷ್ಟು ದಿನವೇ ಗೆರೆ ಬಾರದು. ಒಂದು ಅಂಚು ಸವೆದರೆ ತಿರುಗಿಸಿ ಹಾಕಿ, ಇನ್ನೊಂದು ಅಂಚೂ ಸವೆದರೆ ಎಸೆಯಿರಿ. ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಅಳತೆ: 14 ಇಂಚು ಒಂದು, ಅಂಗಡಿ ಗಾಜಿಗೆ 18 ಇಂಚು ಒಂದು. ಇಷ್ಟು ಎಲ್ಲರೂ ಹೇಳುತ್ತಾರೆ. ನಮ್ಮೂರಿಗೆ ಬೇಕಾದ ಮೂರನೆಯದ್ದು ಎಲ್ಲೂ ಸಿಗುವುದಿಲ್ಲ, ನೀವೇ ಮಾಡಿಕೊಳ್ಳಬೇಕು. ಅದು ಗ್ರಿಲ್ ಸ್ಕ್ವೀಜಿ. ಗ್ರಿಲ್ ಸರಳುಗಳ ನಡುವೆ ಕೈ ತೂರಿಸಿ ಗಾಜಿನ ಹೊರಬದಿ ಒರೆಸಲು 14 ಇಂಚಿನದ್ದು ಹೋಗುವುದೇ ಇಲ್ಲ. ಒಂದು ಹಳೆಯ ಪಟ್ಟಿಯನ್ನು ಹ್ಯಾಕ್ಸಾ ಬ್ಲೇಡಿನಲ್ಲಿ 6 ಇಂಚಿಗೆ ಕತ್ತರಿಸಿ, ತುದಿಯನ್ನು ಅರದಿಂದ ನುಣುಪು ಮಾಡಿ. ರಬ್ಬರನ್ನು ಎರಡೂ ಕಡೆ ಕಡ್ಡಿಯ ದಪ್ಪದಷ್ಟು ಹೊರಗೆ ಉಳಿಸಿ ಕತ್ತರಿಸಿ. ಪಟ್ಟಿಯ ಲೋಹ ಗಾಜಿಗೆ ತಾಗಿದರೆ ಗೀರು ಬೀಳುತ್ತದೆ, ಅದಕ್ಕೆ ಈ ಒಂದೆರಡು ಮಿಲಿಮೀಟರ್. ಈ ತುಂಡು ಸ್ಕ್ವೀಜಿ ನನಗೆ ದುಡಿದು ಕೊಟ್ಟಷ್ಟು ಬೇರೆ ಯಾವುದೂ ಕೊಟ್ಟಿಲ್ಲ.

ಉಳಿದದ್ದು: ಸೋಪು ನೀರು ಹಚ್ಚುವ ಬಟ್ಟೆ ತೊಡಿಸಿದ ಟಿ ಆಕಾರದ ಕೋಲು, ಹತ್ತು ಹನ್ನೆರಡು ಮೈಕ್ರೋಫೈಬರ್ ಬಟ್ಟೆ, ಪೇಂಟರುಗಳ ಎರಡಿಂಚು ಬ್ರಷ್ ಎರಡು, ಹಳೆ ಟೂತ್ ಬ್ರಷ್, ಬ್ಲೇಡ್ ಸ್ಕ್ರೇಪರ್, ಸ್ಪ್ರೇ ಬಾಟಲಿ, ಆಯತಾಕಾರದ ಬಕೆಟ್, ಮುಚ್ಚಳ ಇರುವ 10 ಲೀಟರ್ ಕ್ಯಾನ್ ಒಂದು, ಎರಡು ತುಂಡಿನ ಕೋಲು, ಒಳಗೆ ನೆಲಕ್ಕೆ ಹಾಸಲು ಹಳೆ ಬೆಡ್‌ಶೀಟ್. ಏಣಿ ಬಿಟ್ಟು ನನಗೆ ಶುರುವಿನಲ್ಲಿ ಎಂಟು ಸಾವಿರ ರೂಪಾಯಿ ಒಳಗೆ ಆಯಿತು. ಸೋಪಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು, ಒಂದು ಬಕೆಟ್‌ಗೆ ಏಳೆಂಟು ಹನಿ. ನೊರೆ ಜಾಸ್ತಿ ಆದಷ್ಟು ಗಾಜು ಮಬ್ಬಾಗುತ್ತದೆ.

ಡಿಕ್ಕಿ ಜೋಡಿಸುವುದು

ಶುರುವಿನ ತಿಂಗಳಲ್ಲಿ ನಾನು 20 ಲೀಟರ್ ಕ್ಯಾನಿನಲ್ಲಿ ಮನೆಯಿಂದಲೇ ನೀರು ಒಯ್ಯುತ್ತಿದ್ದೆ. ಒಂದು ದಿನ ಕದ್ರಿ ಗುಡ್ಡದಿಂದ ಇಳಿಯುವಾಗ ಎದುರಿಗೆ ರಿಕ್ಷಾ ಬಂತು, ಬ್ರೇಕ್ ಹಾಕಿದೆ. ಹಿಂದೆ ದಡ್ ಅಂತ ಸದ್ದು. ಕ್ಯಾನ್ ಮಗುಚಿ ಮುಚ್ಚಳ ಹಾರಿತ್ತು. ಗಾಡಿ ಬದಿಗೆ ಹಾಕಿ ನೋಡುವಾಗ ನೀರು ಸೀಟಿನ ಅಡಿಯಿಂದ ಹರಿದು ಮುಂದೆ ನನ್ನ ಚಪ್ಪಲಿಯ ತನಕ ಬಂದಿತ್ತು. ಮೇಲೆ ಒರೆಸಿದೆ, ಒಣಗಿತು ಅಂದುಕೊಂಡೆ. ಅದು ಮೇ ಕೊನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಾರಿನ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಕಾರ್ಪೆಟ್ ಎತ್ತಿದರೆ ಕೆಳಗಿನ ಫೋಮ್ ಇನ್ನೂ ನೀರು ಕುಡಿದು ಕೂತಿತ್ತು, ಬೂಷ್ಟು ಹಿಡಿದಿತ್ತು. ಸೀಟು ಬಿಚ್ಚಿಸಿ ಒಣಗಿಸಲು ಎರಡು ದಿನದ ದುಡಿಮೆ ಹೋಯಿತು.

ಅವತ್ತಿನಿಂದ ಡಿಕ್ಕಿಯಲ್ಲಿ ಎರಡು ಭಾಗ, ಒದ್ದೆ ಮತ್ತು ಒಣ. ಮೊದಲು ಇಡೀ ಡಿಕ್ಕಿಗೆ ಒಂದು ದಪ್ಪ ಟರ್ಪಾಲ್ ಹಾಸಿ, ನಾಲ್ಕೂ ಬದಿ ಒಂದು ಗೇಣು ಮೇಲಕ್ಕೆ ಮಡಚಿ ನಿಲ್ಲಿಸಿ. ಮಳೆಗಾಲಕ್ಕೆ ಅಟ್ಟಕ್ಕೆ ಕಟ್ಟುತ್ತೇವಲ್ಲ, ಅದೇ ಟರ್ಪಾಲ್. ಬಲಗಡೆ ತೂತಿಲ್ಲದ ಪ್ಲಾಸ್ಟಿಕ್ ಟಬ್, ಸಿಮೆಂಟ್ ಕಲಸಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದು. ಬಕೆಟ್, ಟಿ ಕೋಲು, ಒದ್ದೆ ಬಟ್ಟೆಯ ಡಬ್ಬ ಎಲ್ಲ ಅದರೊಳಗೆ. ಚೆಲ್ಲಿದರೂ ಟಬ್ ಒಳಗೇ ಚೆಲ್ಲುತ್ತದೆ. ಎಡಗಡೆ ಮುಚ್ಚಳ ಇರುವ ಒಂದು ಕ್ರೇಟ್, ಅದರಲ್ಲಿ ಒಣ ಬಟ್ಟೆ, ರಬ್ಬರ್, ಬಿಲ್ ಪುಸ್ತಕ, ಬ್ಲೇಡು. ಈ ಎರಡರ ನಡುವೆ ಕೋಲು. ಏಣಿಯನ್ನು ಸೀಟಿನ ಬೆನ್ನಿಗೆ ಒತ್ತಿ ಬೆಲ್ಟ್ ಹಾಕಿ ಬಿಗಿಯಿರಿ, ಬ್ರೇಕ್ ಹಾಕಿದರೆ ಹತ್ತು ಹನ್ನೆರಡು ಕೆಜಿ ತೂಕ ನಿಮ್ಮ ತಲೆಯ ಹಿಂದಕ್ಕೆ ಬರಬಾರದು. ಮಂಗಳೂರು ಸಪಾಟು ಊರಲ್ಲ, ಏರು ಇಳಿಜಾರಿಲ್ಲದ ಒಂದು ಕಿಲೋಮೀಟರ್ ರಸ್ತೆ ಹುಡುಕಬೇಕು. ಕಟ್ಟದೆ ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ.

ಸ್ಟೆಪ್ನಿ ಮೇಲೆ ಸಾಮಾನು ಪೇರಿಸಿದ್ದೀರಿ ಅನ್ನುವುದೂ ನೆನಪಿರಲಿ. ಪಂಕ್ಚರ್ ಆದಾಗ ಎರಡೂ ಡಬ್ಬ ಎತ್ತಿದರೆ ಟರ್ಪಾಲ್ ಎದ್ದು ಬರುವ ಹಾಗಿರಬೇಕು.

ನೀರು

ಗ್ರಾಹಕರ ಮನೆಯ ನೀರನ್ನೇ ಬಳಸಿ. ಫೋನಿನಲ್ಲಿ ಮಾತಾಡುವಾಗಲೇ ಹೇಳಿಬಿಡಿ, "ಎರಡು ಬಕೆಟ್ ನೀರು ಬೇಕಾಗುತ್ತದೆ." ಯಾರೂ ಇಲ್ಲ ಅನ್ನುವುದಿಲ್ಲ. ಏಪ್ರಿಲ್ ಮೇಯಲ್ಲಿ ತುಂಬೆ ಡ್ಯಾಮಿನಲ್ಲಿ ನೀರು ಇಳಿದು ಮಂಗಳೂರಿಗೆ ದಿನ ಬಿಟ್ಟು ದಿನ ನೀರು ಬಿಡುವ ಪರಿಸ್ಥಿತಿ ಬಂದರೆ ಮಾತ್ರ ಮನೆಯಿಂದ ಕ್ಯಾನ್ ಒಯ್ಯಿರಿ. 10 ಲೀಟರಿನದ್ದು, ಮುಕ್ಕಾಲು ತುಂಬಿಸಿ, ಟಬ್ ಒಳಗೆ ಕಟ್ಟಿ.

ನೀರಿನ ಗುಣ ನೋಡಲು, ಅಂದರೆ ಅದರಲ್ಲಿ ಕರಗಿದ ಉಪ್ಪು, ಖನಿಜ ಎಷ್ಟು ಅಂತ ತಿಳಿಯಲು, ಸಣ್ಣ ಟಿಡಿಎಸ್ ಮೀಟರ್ ಒಂದು ಕಿಸೆಯಲ್ಲಿರಲಿ. ಸ್ಕ್ವೀಜಿಯಲ್ಲಿ ಎಳೆದು ಒರೆಸುವ ಕೆಲಸಕ್ಕೆ ನೀರು ಎಂಥದ್ದಾದರೂ ಸುಧಾರಿಸಬಹುದು, ಯಾಕೆಂದರೆ ನೀರು ಗಾಜಿನ ಮೇಲೆ ಒಣಗಲು ಬಿಡುವುದೇ ಇಲ್ಲ. ಆದರೆ ಕೋಲಿನ ಬ್ರಷ್‌ನಲ್ಲಿ ತೊಳೆದು ಹಾಗೇ ಬಿಟ್ಟು ಬರುವುದಾದರೆ ಟಿಡಿಎಸ್ ಸೊನ್ನೆಯ ಹತ್ತಿರ, ಹೆಚ್ಚೆಂದರೆ 10ರ ಒಳಗೆ ಇರಬೇಕು. ಇಲ್ಲದಿದ್ದರೆ ಒಣಗಿದ ಪ್ರತಿ ಹನಿಯೂ ಬಿಳಿ ಚುಕ್ಕೆ ಬಿಡುತ್ತದೆ. ಸಮುದ್ರದ ಬದಿಯ ಎಷ್ಟೋ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಇದ್ದರೆ ಕೆಂಪು ಕಲೆ. ಅಂಥ ಕಡೆ ಹೋಗುವಾಗಲೂ ಕ್ಯಾನ್ ಒಯ್ದು, ಕೊನೆಯ ಸಲ ತೊಳೆಯಲು ಅದರ ನೀರು ಉಪಯೋಗಿಸಿ. ಮನೆಯ ಆರ್‌ಒ ಮೆಷಿನ್‌ನಿಂದ ಹೊರಗೆ ಹೋಗುವ ವೇಸ್ಟ್ ನೀರು ಹಿಡಿದು ತರುವವರನ್ನು ನೋಡಿದ್ದೇನೆ. ಅದು ತಪ್ಪು, ಖನಿಜ ಎಲ್ಲ ಉಳಿಯುವುದು ಅದರಲ್ಲೇ.

ಒಂದು ಕಿಟಕಿ, ಮೊದಲಿನಿಂದ ಕೊನೆ ತನಕ

ಮಲ್ಪೆ ಕಡೆಯ ಒಂದು ಮನೆಯ ಕಿಟಕಿ ಅಂದುಕೊಳ್ಳಿ. ಪಶ್ಚಿಮಕ್ಕೆ ಮುಖ, ಸಮುದ್ರದ ಗಾಳಿ ನೇರ ಬೀಸುತ್ತದೆ. ಗಾಜಿನ ಮೇಲೆ ಬೆರಳು ಇಟ್ಟರೆ ಅಂಟು. ಎಣ್ಣೆ ಅಂದುಕೊಳ್ಳುತ್ತಾರೆ, ಉಪ್ಪು ಅದು. ಉಪ್ಪು ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ, ಅದರ ಮೇಲೆ ಮುರಕಲ್ಲಿನ ಕೆಂಪು ಧೂಳು ಕೂತು ಪದರ ಕಟ್ಟುತ್ತದೆ. ಇದನ್ನು ಒಣಬಟ್ಟೆಯಲ್ಲಿ, ಪೇಪರಿನಲ್ಲಿ ತಿಕ್ಕಿದರೆ ಧೂಳಿನ ಕಣವೇ ಗಾಜು ಗೀರುತ್ತದೆ.

ಮೊದಲು ಫೋಟೋ ತೆಗೆಯಿರಿ. ಇರುವ ಗೀರು, ಕಲೆ, ಒಡೆದ ಮೂಲೆ ಎಲ್ಲದರದ್ದೂ. ನಂತರ ಕೆಳಗೆ ಬೆಡ್‌ಶೀಟ್ ಹಾಸಿ, ನೆಟ್ ಎತ್ತಿ ಕಳಚಿ. ನೆಟ್‌ಗೆ ಬಾತ್‌ರೂಮಿನಲ್ಲಿ ಸೋಪು ನೀರು, ಮೆತ್ತನೆಯ ಬ್ರಷ್, ಗೋಡೆಗೆ ಒರಗಿಸಿ ಸೋರಲು ಬಿಡಿ. ಸ್ಲೈಡಿಂಗ್ ಪ್ಯಾನಲ್ ಮೇಲಕ್ಕೆ ಎತ್ತಿ ಕೆಳಗಿನ ತುದಿ ಒಳಗೆ ಎಳೆದರೆ ಹೆಚ್ಚಿನವು ಕಳಚಿ ಬರುತ್ತವೆ, ಆಗ ಎರಡೂ ಬದಿ ಆರಾಮವಾಗಿ ತೊಳೆಯಬಹುದು. ದೊಡ್ಡದಿದ್ದರೆ, ಹಳೆಯದಿದ್ದರೆ, ರೋಲರ್ ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ಅಲ್ಲಿಗೇ ಗ್ರಿಲ್ ಸ್ಕ್ವೀಜಿ.

ಗಾಜಿಗೆ ಕೈ ಹಾಕುವ ಮೊದಲು ಕೆಳಗಿನ ಹಳಿ. ಒಣ ಬ್ರಷ್‌ನಲ್ಲಿ ಮಣ್ಣು, ಸತ್ತ ಸೊಳ್ಳೆ, ಹಲ್ಲಿ ಹಿಕ್ಕೆ ಎಲ್ಲ ಗುಡಿಸಿ ತೆಗೆಯಿರಿ, ನಂತರ ಟೂತ್ ಬ್ರಷ್ ಮತ್ತು ನೀರು. ಹಳಿಯ ಹೊರಬದಿಯಲ್ಲಿ ನೀರು ಹೋಗಲು ಒಂದೆರಡು ಸಣ್ಣ ತೂತು ಇರುತ್ತವೆ. ಅದರಲ್ಲಿ ಒಂದು ತೆಂಗಿನ ಕಡ್ಡಿ ಆಡಿಸಿ. ನಮ್ಮೂರಲ್ಲಿ ಮಳೆಗಾಲದಲ್ಲಿ ಕಿಟಕಿಯಿಂದ ನೀರು ಒಳಗೆ ಬರುತ್ತದೆ ಅಂತ ಸಿಲಿಕಾನ್ ಹಾಕಿಸುವ ಎಷ್ಟೋ ಮನೆಗಳಲ್ಲಿ ಆದದ್ದು ಇಷ್ಟೇ, ಆ ತೂತು ಮಣ್ಣಿನಿಂದ ಮುಚ್ಚಿ ಹಳಿ ತುಂಬಿ ಒಳಗೆ ಉಕ್ಕಿದ್ದು. ಒಂದು ಲೋಟ ನೀರು ಹೊಯ್ದು ಹೊರಗೆ ಹೋಗುವುದನ್ನು ಮನೆಯವರಿಗೆ ತೋರಿಸಿ. ಗಾಜು ಹೊಳೆದದ್ದಕ್ಕಿಂತ ಜಾಸ್ತಿ ಇದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

ಈಗ ಗಾಜು. ಉಪ್ಪು ಇರುವ ಕಡೆ ಮೊದಲ ಸಲ ಬರೀ ನೀರು, ಧಾರಾಳ, ಮೇಲಿನಿಂದ ಕೆಳಗೆ. ಎರಡನೇ ಸಲ ಸೋಪು ನೀರು, ಟಿ ಕೋಲಿನಲ್ಲಿ ಅಂಚು ಮೂಲೆ ಎಲ್ಲ ತಿಕ್ಕಿ. ನಂತರ ಸ್ಕ್ವೀಜಿ. ಗಾಜಿನ ಮೇಲಿನ ಅಂಚಿನಲ್ಲಿ ಒಂದು ಇಂಚು ಬಟ್ಟೆಯಿಂದ ಒಣಗಿಸಿ, ರಬ್ಬರ್ ಆ ಒಣ ಜಾಗದಲ್ಲಿ ಇಟ್ಟು ಶುರು ಮಾಡಿ. ಒದ್ದೆಯಲ್ಲಿ ಇಟ್ಟರೆ ಅಲ್ಲೇ ಒಂದು ಗೆರೆ ಉಳಿಯುತ್ತದೆ. ಹಿಡಿಯನ್ನು ಸ್ವಲ್ಪ ವಾಲಿಸಿ, ಒಂದೇ ಒತ್ತಡದಲ್ಲಿ ಕೆಳಗಿನ ತನಕ ಎಳೆಯಿರಿ. ರಬ್ಬರ್ ಒರೆಸಿ. ಮುಂದಿನ ಎಳೆತ ಹಿಂದಿನದ್ದರ ಮೇಲೆ ಎರಡು ಇಂಚು ಹತ್ತಿರಲಿ. ಮತ್ತೆ ರಬ್ಬರ್ ಒರೆಸಿ. ಪ್ರತಿ ಎಳೆತಕ್ಕೂ ಒರೆಸಬೇಕು, ಇದನ್ನು ಬಿಟ್ಟರೆ ಉಳಿದ ಶ್ರಮ ದಂಡ. ಕೊನೆಗೆ ಒಣಬಟ್ಟೆಯನ್ನು ಬೆರಳಿಗೆ ಸುತ್ತಿ ನಾಲ್ಕು ಅಂಚು ಮಾತ್ರ ಒರೆಸಿ, ನಡುವಿನ ಗಾಜು ಮುಟ್ಟಬೇಡಿ.

ಬಿಸಿಲು ನೇರ ಬೀಳುವ ಗಾಜು ತೊಳೆಯಬೇಡಿ, ನೀವು ಎಳೆಯುವ ಮೊದಲೇ ಸೋಪು ಒಣಗುತ್ತದೆ. ಪಶ್ಚಿಮದ ಕಿಟಕಿ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನ ಮೇಲೆ. ಮನೆಗೆ ಹೋದ ಕೂಡಲೇ ದಿಕ್ಕು ನೋಡಿ ಸರದಿ ಹಾಕಿಕೊಳ್ಳಿ.

ಕಲೆ, ಆಸಿಡ್ ಮತ್ತು ಬ್ಲೇಡು

ಬಿಳಿ ನೀರಿನ ಕಲೆಗೆ ಬಿಳಿ ವಿನೆಗರ್ ಅರ್ಧ, ನೀರು ಅರ್ಧ, ಐದು ನಿಮಿಷ ಒದ್ದೆಯಾಗಿಟ್ಟು ತಿಕ್ಕಿ ತೊಳೆದರೆ ಹೊಸ ಕಲೆ ಹೋಗುತ್ತದೆ. ವರ್ಷಗಟ್ಟಲೆ ಹಳೆಯದಾದರೆ ಗಾಜನ್ನೇ ತಿಂದಿರುತ್ತದೆ, ಅದು ಹೋಗುವುದಿಲ್ಲ ಅಂತ ಮೊದಲೇ ಹೇಳಿ. ವಿನೆಗರ್ ಕೆಳಗಿನ ಕಲ್ಲಿಗೆ ಬೀಳದ ಹಾಗೆ ನೋಡಿ. ಗ್ರಾನೈಟಿಗೆ ಪರವಾಗಿಲ್ಲ, ಆದರೆ ಮಾರ್ಬಲ್ ಮತ್ತು ಕಡಪ ಸುಣ್ಣದ ಅಂಶದ ಕಲ್ಲು, ಹುಳಿ ಬಿದ್ದಲ್ಲಿ ಹೊಳಪು ಹೋಗಿ ಕಲೆ ಆಗುತ್ತದೆ.

ಟೈಲ್ಸ್ ತೊಳೆಯುವ ಆಸಿಡ್ ಡಿಕ್ಕಿಯಲ್ಲಿ ಇಡಲೇಬೇಡಿ. ಅಲ್ಯುಮಿನಿಯಂ ಫ್ರೇಮ್ ಹಾಳಾಗುತ್ತದೆ, ಮುಚ್ಚಿದ ಕಾರಿನಲ್ಲಿ ಅದರ ಹೊಗೆ ನಿಮಗೂ ಕಾರಿಗೂ ಕೆಟ್ಟದ್ದು. ಒಮ್ಮೆ ಹೊಸ ಫ್ಲ್ಯಾಟೊಂದರಲ್ಲಿ ಕಟ್ಟಿದವರ ಕೆಲಸದಾಳುಗಳು ಆಸಿಡ್ ಹಾಕಿ ಸಿಮೆಂಟ್ ತೆಗೆದು ಹೋಗಿದ್ದರು, ಫ್ರೇಮಿನಲ್ಲಿ ಮಚ್ಚೆ ಮಚ್ಚೆ. ಮನೆಯವರು ನಾನೇ ಮಾಡಿದ್ದು ಅಂದರು. ನನ್ನ ಹತ್ತಿರ ಫೋಟೋ ಇರಲಿಲ್ಲ, ಅವತ್ತಿನ ಕೂಲಿ ಬಿಟ್ಟು ಬಂದೆ. ಮೇಲೆ ಫೋಟೋ ಅಂತ ಮೊದಲೇ ಹೇಳಿದ್ದು ಅದಕ್ಕೆ.

ಸಿಮೆಂಟ್, ಪೇಂಟ್ ಹನಿಗೆ ಬ್ಲೇಡ್ ಸ್ಕ್ರೇಪರ್. ಗಾಜು ಸೋಪು ನೀರಿನಲ್ಲಿ ನೆನೆದಿರಬೇಕು, ಹೊಸ ಬ್ಲೇಡು, ಒಂದೇ ದಿಕ್ಕಿಗೆ ತಳ್ಳಿ, ಹಿಂದಕ್ಕೆ ಎಳೆಯಬಾರದು. ಮೊದಲು ಮೂಲೆಯಲ್ಲಿ ಒಂದು ಇಂಚು ಮಾಡಿ ನೋಡಿ. ಟಫನ್ಡ್ ಗಾಜಿನ ಮೇಲೆ ಕೆಲವೊಮ್ಮೆ ಕಣ್ಣಿಗೆ ಕಾಣದ ಕಣ ಅಂಟಿಕೊಂಡಿರುತ್ತವೆ, ಬ್ಲೇಡು ಅದನ್ನು ಎಳೆದುಕೊಂಡು ಹೋಗಿ ಇಡೀ ಗಾಜು ಗೀರುತ್ತದೆ. ಸನ್‌ಫಿಲ್ಮ್ ಇದ್ದರೆ, ನಾವು ಮರ್ಕ್ಯುರಿ ಗ್ಲಾಸ್ ಅನ್ನುತ್ತೇವಲ್ಲ ಆ ಹೊಳೆಯುವ ಗಾಜಿದ್ದರೆ, ಬ್ಲೇಡು ಹತ್ತಿರವೂ ಬೇಡ.

ಎತ್ತರ

ಕಾರಿನಲ್ಲಿ ಹಿಡಿಯುವ ಏಣಿಗೆ ಎಟಕುವಷ್ಟೇ ನಿಮ್ಮ ಎತ್ತರ. ನೆಲಮಹಡಿ, ಮೊದಲ ಮಹಡಿ, ಅದರ ಮೇಲಿನದ್ದು ಒಳಗಿನಿಂದ ಆಗುವಷ್ಟು. ಮಣಿಪಾಲದ, ಮಂಗಳೂರಿನ ಎತ್ತರದ ಕಟ್ಟಡಗಳ ಹೊರಗೋಡೆಯ ಗಾಜು ಹಗ್ಗ, ಹಾರ್ನೆಸ್, ತರಬೇತಿ ಇರುವ ತಂಡದ ಕೆಲಸ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಗ್ರಿಲ್ ದಾಟಿ ಸಜ್ಜೆಯ ಮೇಲೆ ಕಾಲಿಡಬೇಡಿ. ಸಜ್ಜೆ ಪಾಚಿ ಹಿಡಿದಿರುತ್ತದೆ.

ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಇರಲಿ. ಅಂಗಳದ ಮುರಕಲ್ಲಿನ ಮೇಲೆ, ಇಂಟರ್‌ಲಾಕ್ ಮೇಲೆ ಹಸಿರು ಕಂಡರೆ ಕೆರೆದು ತೆಗೆದು ಗೋಣಿ ಹಾಸಿ ಆಮೇಲೆ ಏಣಿ. ಮತ್ತೆ ವಿದ್ಯುತ್ ತಂತಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ನಮ್ಮಲ್ಲಿ ಕಿಟಕಿಯ ಪಕ್ಕದಲ್ಲೇ ಹಾದು ಹೋಗುತ್ತದೆ. ಅಲ್ಯುಮಿನಿಯಂ ಕೋಲು, ಒದ್ದೆ ಕೈ, ಒದ್ದೆ ನೆಲ. ಕೋಲು ಬಿಚ್ಚುವ ಮೊದಲು ತಲೆ ಎತ್ತಿ ಒಮ್ಮೆ ಸುತ್ತ ನೋಡಿ, ತಂತಿ ಹತ್ತಿರ ಇದ್ದರೆ ಆ ಕಿಟಕಿಯ ಹೊರಬದಿ ಬಿಟ್ಟುಬಿಡಿ.

ದರ, ದಾರಿ, ಗಿರಾಕಿ

ನಾನು ಚದರ ಅಡಿ ಲೆಕ್ಕ ಹಾಕುವುದಿಲ್ಲ, ಪ್ಯಾನಲ್ ಎಣಿಸುತ್ತೇನೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಏಳು ಕಿಟಕಿ, ಹದಿನೆಂಟು ಪ್ಯಾನಲ್ ಇದೆ ಅನ್ನಿ. ಎರಡು ಬದಿ, ನೆಟ್, ಹಳಿ ಸೇರಿ ಒಂದಕ್ಕೆ ನನಗೆ ಎಂಟು ನಿಮಿಷ, ಒಟ್ಟು ಎರಡೂವರೆ ಗಂಟೆ. ಪ್ಯಾನಲ್‌ಗೆ 80 ರೂಪಾಯಿ ಅಂದರೆ 1,440. ಇದು ನನ್ನ ದರ, ನಿಮ್ಮ ಕೈಯ ವೇಗ ನೋಡಿ ನಿಮ್ಮದು ಹಾಕಿಕೊಳ್ಳಿ. ಶುರುವಿನಲ್ಲಿ ಒಂದು ಪ್ಯಾನಲ್‌ಗೆ ಹದಿನೈದು ನಿಮಿಷ ಹಿಡಿಯುತ್ತದೆ, ಬೇಸರ ಬೇಡ.

ಕಾರಿನ ಖರ್ಚನ್ನು ಮಾತ್ರ ಮರೆಯಬೇಡಿ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ, ಊರೊಳಗೆ ನನ್ನ ಗಾಡಿ ಲೀಟರಿಗೆ 15 ಕಿಲೋಮೀಟರ್ ಓಡುತ್ತದೆ. ಟಯರು, ಸರ್ವಿಸ್ ಸೇರಿಸಿ ಕಿಲೋಮೀಟರಿಗೆ ಹತ್ತು ರೂಪಾಯಿ ಅಂತ ಹಿಡಿಯುತ್ತೇನೆ. ಮಂಗಳೂರಿನಿಂದ ಉಡುಪಿಗೆ ಹೋಗಿ ಬಂದರೆ ನೂರ ಹತ್ತು ಕಿಲೋಮೀಟರ್ ಮೇಲೆ, ಅಂದರೆ ಸಾವಿರದ ನೂರು ರೂಪಾಯಿ, ಮತ್ತೆ ಹೆಜಮಾಡಿ ಟೋಲ್. ಹಾಗಾಗಿ ಉಡುಪಿಯ ಕೆಲಸ ಎಲ್ಲ ಒಂದೇ ದಿನಕ್ಕೆ ಕಟ್ಟಬೇಕು. ಕುಂಜಿಬೆಟ್ಟು, ಇಂದ್ರಾಳಿ, ಮಣಿಪಾಲ ಒಂದೇ ರಸ್ತೆಯಲ್ಲಿ ಸಿಗುತ್ತವೆ. ನಾಲ್ಕು ಕೆಲಸ ಸೇರುವ ತನಕ ಯಾರಿಗೂ ದಿನ ಕೊಡುವುದಿಲ್ಲ. ಮಂಗಳೂರಿನಲ್ಲೂ ಹಾಗೇ, ಸೋಮವಾರ ಸುರತ್ಕಲ್ ಕಡೆ, ಮಂಗಳವಾರ ಕದ್ರಿ ಬಿಜೈ, ಹೀಗೆ ದಿಕ್ಕಿಗೊಂದು ದಿನ. ಹಂಪನಕಟ್ಟೆ, ಬಂದರ್ ಒಳಗಿನ ಅಂಗಡಿಗಳಿಗೆ ಬೆಳಿಗ್ಗೆ ಎಂಟಕ್ಕೆ ಮೊದಲು ಹೋಗಿ. ಆ ಗಲ್ಲಿಗಳಲ್ಲಿ ಸಣ್ಣ ಕಾರು ನುಗ್ಗುತ್ತದೆ, ವ್ಯಾನಿಗೆ ನಿಲ್ಲಿಸಲು ಜಾಗ ಇಲ್ಲ.

ಮೊದಲ ಗಿರಾಕಿಗಳು ಅಂಗಡಿಗಳೇ ಆಗಲಿ. ಮೆಡಿಕಲ್, ಕ್ಲಿನಿಕ್, ಬೇಕರಿ, ಬಟ್ಟೆ ಅಂಗಡಿ. ಎದುರಿನ ಗಾಜು ವಾರಕ್ಕೊಮ್ಮೆ, ಹತ್ತು ನಿಮಿಷ, 150 ರೂಪಾಯಿ. ಸಣ್ಣ ದುಡ್ಡು, ಆದರೆ ಪ್ರತಿ ವಾರ ಬರುವ ದುಡ್ಡು, ಮತ್ತೆ ರಸ್ತೆಯಲ್ಲಿ ಹೋಗುವವರು ನೀವು ಕೆಲಸ ಮಾಡುವುದನ್ನು ನೋಡುತ್ತಾರೆ. ಎರಡನೆಯದ್ದು ಗಲ್ಫ್‌ನಲ್ಲಿರುವವರ ಬೀಗ ಹಾಕಿದ ಮನೆ. ಅವರು ಊರಿಗೆ ಬರುವ ವಾರದ ಮುಂಚೆ ಮನೆ ತೊಳೆಸಬೇಕು, ಕೀ ಪಕ್ಕದ ಮನೆಯಲ್ಲಿರುತ್ತದೆ. ಕೆಲಸದ ಮೊದಲು, ನಂತರ, ಪ್ರತಿ ಕೋಣೆಯ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ. ಒಂದು ಕುಟುಂಬ ನಂಬಿದರೆ ದುಬೈ, ಮಸ್ಕತ್‌ನಲ್ಲಿರುವ ಅವರ ಹತ್ತು ಪರಿಚಯದವರು ತಾವಾಗಿ ಫೋನ್ ಮಾಡುತ್ತಾರೆ. ತುಳು, ಕೊಂಕಣಿ, ಬ್ಯಾರಿ, ಅವರ ಮನೆಯ ಭಾಷೆ ಎರಡು ಮಾತು ಬಂದರೂ ಸಾಕು, ಬಾಗಿಲು ಬೇಗ ತೆರೆಯುತ್ತದೆ.

ಕಾಗದಪತ್ರ ಜಾಸ್ತಿ ಇಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು, ದುಡ್ಡು ಕೇಳುವ ಮಧ್ಯವರ್ತಿ ಬೇಡ. ಟ್ರೇಡ್ ಲೈಸೆನ್ಸ್ ಬಗ್ಗೆ ಮಂಗಳೂರಿನಲ್ಲಿ ಪಾಲಿಕೆ, ಉಡುಪಿಯಲ್ಲಿ ನಗರಸಭೆಯಲ್ಲಿ ವಿಚಾರಿಸಿ. ನಿಮ್ಮ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಬಿಲ್ ಪುಸ್ತಕ ಮಾತ್ರ ಮೊದಲ ದಿನದಿಂದ ಇರಲಿ.

ವರ್ಷದ ಲೆಕ್ಕ

ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಿಂದ ದೀಪಾವಳಿ ತನಕ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ನಾಲ್ಕು ತಿಂಗಳ ಪಾಚಿ, ಕೆಸರು ಎಲ್ಲ ಆಗಲೇ ತೊಳೆಸುವುದು. ಮತ್ತೆ ಡಿಸೆಂಬರ್ ಮೊದಲ ಮೂರು ವಾರ ಕ್ರಿಸ್ಮಸ್‌ಗೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯದ ಮೊದಲು ಅಂಗಡಿಗಳೆಲ್ಲ ಸಿಂಗಾರ ಆಗುತ್ತವೆ, ಆ ದಿನಗಳನ್ನು ನವೆಂಬರ್‌ನಲ್ಲೇ ಬುಕ್ ಮಾಡಿಕೊಳ್ಳಿ. ಏಪ್ರಿಲ್ ಮೇ ಮದುವೆ ಮತ್ತು ರಜೆಗೆ ಬರುವವರದ್ದು. ಮೇ ಎರಡನೇ ವಾರದಿಂದ ಹಳಿ ಮತ್ತು ನೀರಿನ ತೂತು ಸ್ವಚ್ಛ ಮಾಡುವುದನ್ನೇ ಒಂದು ಕೆಲಸ ಅಂತ ಎಲ್ಲ ಹಳೇ ಗಿರಾಕಿಗಳಿಗೂ ಮೆಸೇಜ್ ಹಾಕಿ.

ಜೂನ್‌ನಿಂದ ಸೆಪ್ಟೆಂಬರ್ ಹೊರಗಿನ ಕೆಲಸ ಇಲ್ಲವೇ ಇಲ್ಲ ಅಂದುಕೊಂಡು ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಖರ್ಚು ಲೆಕ್ಕ ಹಾಕಿ. ಅಂಗಡಿಗಳ ಒಳಗಾಜು, ಕ್ಲಿನಿಕ್ ಪಾರ್ಟಿಶನ್, ಬಾತ್‌ರೂಮಿನ ಶವರ್ ಗಾಜು, ಇಷ್ಟು ಸಿಕ್ಕಿದರೆ ಪೆಟ್ರೋಲ್ ಮತ್ತು ಮನೆಯ ಸಾಮಾನು ನಡೆಯುತ್ತದೆ.

ದಿನದ ಕೊನೆಯ ಅರ್ಧ ಗಂಟೆ

ಸಂಜೆ ಮನೆಗೆ ಬಂದ ಮೇಲೆ ಎಷ್ಟೇ ಸುಸ್ತಾದರೂ ಇದನ್ನು ಮಾಡಲೇಬೇಕು. ಟಬ್ ಇಡೀ ಎತ್ತಿ ಅಂಗಳಕ್ಕೆ ತನ್ನಿ. ಬಟ್ಟೆ ಅವತ್ತೇ ಒಗೆಯಿರಿ, ಕಂಫರ್ಟ್ ಹಾಕಬೇಡಿ, ಅದರ ಪದರ ಕೂತರೆ ಮೈಕ್ರೋಫೈಬರ್ ನೀರು ಹೀರುವುದಿಲ್ಲ. ಮಳೆಗಾಲದಲ್ಲಿ ಹೊರಗೆ ಹಾಕಿದರೆ ಮೂರು ದಿನಕ್ಕೂ ಒಣಗದು, ಒಳಗೆ ಫ್ಯಾನ್ ಅಡಿ ಹಗ್ಗ ಕಟ್ಟಿ. ಸ್ಕ್ವೀಜಿಯಿಂದ ರಬ್ಬರ್ ಎಳೆದು ತೆಗೆದು ಒರೆಸಿ ಚಪ್ಪಟೆಯಾಗಿ ಇಡಿ, ಪಟ್ಟಿಯೊಳಗೆ ಉಪ್ಪುನೀರು ಉಳಿದರೆ ತುಕ್ಕು. ಟರ್ಪಾಲ್ ಕೊಡವಿ. ಡಿಕ್ಕಿ ಬಾಗಿಲು, ಹಿಂದಿನ ಎರಡು ಬಾಗಿಲು ಒಂದು ಗಂಟೆ ತೆರೆದಿಡಿ, ಒಳಗಿನ ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ. ಬಾಗಿಲು ಹಾಕುವ ಮೊದಲು ಕಾರ್ಪೆಟ್ ಅಂಚಿನ ಕೆಳಗೆ ಕೈ ಹಾಕಿ ಫೋಮ್ ಮುಟ್ಟಿ ನೋಡಿ. ಒಣಗಿದ್ದರೆ ಬೀಗ ಹಾಕಿ. ತಣ್ಣಗೆ ಅನಿಸಿದರೆ ರಾತ್ರಿ ಹಳೇ ಪೇಪರ್ ತುರುಕಿ ಇಟ್ಟು ಬೆಳಿಗ್ಗೆ ತೆಗೆಯಿರಿ.